ಲಿನಕ್ಸ್ ಆಟಗಳಿಗೆ ಇಂಥ ಹೆಸರುಗಳೇಕೆ?

ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಆಟಗಳ ಮೆನು ತೆರೆದು ನೋಡಿ. ಕ್ವಾಡ್ರಾಪಸೆಲ್, ಇಯಾಗ್ನೋ, ಟಾಲಿ, ಕಿರಿಕಿ, ಕೆಸಿರ್ಕ್. ಔಷಧದ ಅಂಗಡಿಯ ಕಪಾಟಿನ ಮುಂದೆ ನಿಂತ ಹಾಗಾಗುತ್ತದೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಈ ಹೆಸರುಗಳನ್ನು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ಕ್ವಾಡ್ರಾಪಸೆಲ್ ಮಕ್ಕಳ ಬಾಯಲ್ಲಿ ಇಟ್ಟಿಗೆ ಆಟ. ಇಯಾಗ್ನೋ ಕಪ್ಪುಬಿಳಿ ಆಟ. ಮಿಕ್ಕವುಗಳಿಗೆ ಹೆಸರೇ ಇಲ್ಲ, 'ಮೇಲಿನಿಂದ ಮೂರನೆಯದು' ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಶಿರಸಿ ಸುತ್ತಮುತ್ತಲಿನ ಕೆಲವು ಶಾಲೆಗಳ ಹಳೆಯ ಕಂಪ್ಯೂಟರುಗಳಿಗೆಂದು ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಆಧಾರದ ಒಂದು ಪೆನ್‌ಡ್ರೈವ್ ಸಿದ್ಧಪಡಿಸಿ ಕೊಡುವುದು ನನ್ನ ಬಿಡುವಿನ ಕೆಲಸ. ಅದರಲ್ಲಿ ಲಿಬ್ರೆಆಫೀಸ್ ಇದೆ, ಟಕ್ಸ್ ಪೇಂಟ್ ಇದೆ, ಜಿಕಂಪ್ರಿ ಇದೆ, ಕನ್ನಡದ ಕೀಲಿಮಣೆ ವಿನ್ಯಾಸ ಮತ್ತು ಅಕ್ಷರಶೈಲಿಗಳಿವೆ. ಇವುಗಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಪ್ರಶ್ನೆಗಳೆಲ್ಲ ಬರುವುದು ಆಟಗಳ ಬಗ್ಗೆಯೇ. ಕಳೆದ ವಿಜ್ಞಾನ ಮೇಳಕ್ಕೆ ಮುಂಚೆ ಪಕ್ಕದ ಊರಿನ ಶಾಲೆಯ ಮಾಸ್ತರೊಬ್ಬರು ಒಂದು ಯೋಜನೆಯೊಂದಿಗೆ ಬಂದರು. ಪೆನ್‌ಡ್ರೈವನ್ನು ಮೇಳದಲ್ಲಿ ಖರ್ಚಿನ ಬೆಲೆಗೆ ಮಾರುವುದು, ಪೋಷಕರನ್ನು ಸೆಳೆಯಲು ಅದರ ಪೊಟ್ಟಣಕ್ಕೆ ಬಣ್ಣದ ಚೀಟಿ ಅಂಟಿಸುವುದು. ಚೀಟಿಯ ಮಾದರಿಯನ್ನೂ ತಂದಿದ್ದರು: 'ಟೆಟ್ರಿಸ್, ಸ್ಕ್ರ್ಯಾಬಲ್, ಮೊನೋಪಲಿ, ಎಲ್ಲವೂ ಉಚಿತ.' ಬೇಡ ಎಂದೆ. ಅವರಿಗೆ ಸಿಟ್ಟು ಬಂತು.

"ಮೇಡಂ, ಆಟ ಅದೇ. ಆಡುವ ಕ್ರಮವೂ ಅದೇ. ಹೆಸರು ಹಾಕಿದರೆ ಯಾರ ಗಂಟು ಹೋಗುತ್ತದೆ?"

ಯಾರ ಗಂಟು ಹೋಗುತ್ತದೆ ಎಂಬುದನ್ನು ನಿಂತ ನಿಲುವಿನಲ್ಲಿ ವಿವರಿಸಲು ಆಗಲಿಲ್ಲ. ಆದ್ದರಿಂದ ಈ ಬರಹ. ಮಾಸ್ತರು ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು.

ಲಿನಕ್ಸ್ ಮತ್ತು ಈ ಆಟಗಳು ಮುಕ್ತ ತಂತ್ರಾಂಶ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಮುಕ್ತ ಎಂದ ಮೇಲೆ ಅದರೊಳಗಿನ ಸಕಲವೂ ಮುಕ್ತ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇಂಥ ತಂತ್ರಾಂಶಗಳ ಜೊತೆ ಬರುವ ಜಿಪಿಎಲ್ ಎಂಬ ಪರವಾನಗಿ ಕೊಡುವುದು ಕೋಡಿನ ಮೇಲಿನ ಹಕ್ಕನ್ನು. ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು, ಬೇಕಾದರೆ ಮಾರಲೂಬಹುದು. ಹೆಸರಿನ ಮಾತು ಬೇರೆ. ಅಂಥದೇ ಇನ್ನೊಂದಾದ ಅಪಾಚೆ 2.0 ಪರವಾನಗಿಯ ಆರನೆಯ ಸೆಕ್ಷನ್ ಟ್ರೇಡ್‌ಮಾರ್ಕ್ ಹಕ್ಕನ್ನು, ಅಂದರೆ ಹೆಸರಿನ ಮೇಲಿನ ಹಕ್ಕನ್ನು, ಕೊಡುವುದಿಲ್ಲ ಎಂದು ನೇರವಾಗಿಯೇ ಹೇಳುತ್ತದೆ. ಜಿಪಿಎಲ್ ಮೂರನೆಯ ಆವೃತ್ತಿಯ ಏಳನೆಯ ಸೆಕ್ಷನ್, ಲೇಖಕನು ಬಯಸಿದರೆ ಅಂಥದೇ ಷರತ್ತು ಸೇರಿಸಿಕೊಳ್ಳಲಿ ಎನ್ನುತ್ತದೆ. ಇವು ಲೇಖಕನದೇ ಆದ ಹೆಸರಿನ ಕತೆ. ಟೆಟ್ರಿಸ್‌ನಂಥ ಹೆಸರಿನ ವಿಷಯದಲ್ಲಿ ಕೋಡ್ ಬರೆದವನಿಗೇ ಹೆಸರಿನ ಮೇಲೆ ಯಾವ ಹಕ್ಕೂ ಇಲ್ಲ. ತನ್ನ ಬಳಿ ಇಲ್ಲದ್ದನ್ನು ಅವನು ಪರವಾನಗಿಯಲ್ಲಿ ಬರೆದು ಕೊಡುವುದಾದರೂ ಹೇಗೆ?

ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟವಾದ ಟೆಟ್ರಿಸ್‌ನ ಹುಟ್ಟು ಮಾಸ್ಕೋದಲ್ಲಿ. 1984ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟಿಂಗ್ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಅದನ್ನು ಎಲೆಕ್ಟ್ರೋನಿಕಾ 60 ಎಂಬ ಯಂತ್ರದ ಮೇಲೆ ಬರೆದರು. ಆ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಇಟ್ಟಿಗೆಗಳನ್ನು ಚೌಕ ಆವರಣ ಚಿಹ್ನೆಗಳಿಂದ ಜೋಡಿಸಿದ್ದರು. ಆಗಿನ ಸೋವಿಯತ್ ವ್ಯವಸ್ಥೆಯಲ್ಲಿ ಹಕ್ಕು ಬರೆದವನಿಗಲ್ಲ, ಸರ್ಕಾರಕ್ಕೆ. ಎಲೋರ್ಗ್ ಎಂಬ ಸರ್ಕಾರಿ ಸಂಸ್ಥೆ ಅದನ್ನು ಹೊರದೇಶಗಳಿಗೆ ಮಾರಿತು, 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಮೇಲೆ ಕುಳಿತು ಆಟ ಜಗತ್ತು ಸುತ್ತಿತು. ಪಜಿತ್ನೋವ್ ಅವರ ಕೈಗೆ ಹಕ್ಕು ಬಂದದ್ದು 1996ರಲ್ಲಿ. ಅದೇ ವರ್ಷ ಅವರು ಆಟಗಳ ಉದ್ಯಮಿ ಹೆಂಕ್ ರೋಜರ್ಸ್ ಜೊತೆ ಸೇರಿ ಟೆಟ್ರಿಸ್ ಕಂಪನಿಯನ್ನು ಕಟ್ಟಿದರು. ಹನ್ನೆರಡು ವರ್ಷ ತಮ್ಮ ಆಟದಿಂದ ಬಂದ ಹಣ ಬೇರೆಯವರ ಜೇಬಿಗೆ ಹೋಗುವುದನ್ನು ಕಂಡವರು ಹೆಸರಿನ ಕಾವಲಿಗೆ ಕಟ್ಟುನಿಟ್ಟಾಗಿ ನಿಂತರೆ ಅದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬಾರದು.

ನಮ್ಮ ಕಡೆಗೆ ಆ ಆಟ ಬಂದದ್ದು ಹೆಸರಿಲ್ಲದೆ. 90ರ ದಶಕದಲ್ಲಿ ಮಾರಿಕಾಂಬಾ ಜಾತ್ರೆಯ ಆಟಿಕೆ ಅಂಗಡಿಗಳ ಸಾಲಿನಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಡಬ್ಬಿ ಸಿಗುತ್ತಿತ್ತು. ಮೇಲೆ ಬೂದು ಬಣ್ಣದ ಪುಟ್ಟ ಪರದೆ, ಕೆಳಗೆ ಹಳದಿ ಗುಂಡಿಗಳು. 'ಬ್ರಿಕ್ ಗೇಮ್, ಒಂದರಲ್ಲಿ 9999' ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ವೇಗ ಬದಲಿಸಿ, ಮಟ್ಟ ಬದಲಿಸಿ ಲೆಕ್ಕ ಹತ್ತು ಸಾವಿರದ ಹತ್ತಿರಕ್ಕೆ ಒಯ್ದಿದ್ದರು. ಆದರೆ ಆ ಡಬ್ಬಿಯ ಮೇಲೆ ಟೆಟ್ರಿಸ್ ಎಂಬ ಅಕ್ಷರ ಎಲ್ಲಿಯೂ ಇರಲಿಲ್ಲ. 9999 ಎಂದು ಸುಳ್ಳು ಹೇಳಲು ಹಿಂಜರಿಯದ ಕಾರ್ಖಾನೆಯವನಿಗೂ ಆ ಒಂದು ಹೆಸರು ಮುಟ್ಟಬಾರದು ಎಂಬ ವಿವೇಕ ಇತ್ತು.

ಮುಕ್ತ ತಂತ್ರಾಂಶದವರಿಗೆ ಆ ವಿವೇಕ ಬಂದದ್ದು ತಡವಾಗಿ, ಮತ್ತು ಎಲ್ಲರಿಗೂ ಒಂದೇ ಸಲ ಅಲ್ಲ. ಲಿನಕ್ಸ್‌ಗೆ ಪರದೆ, ಮೆನು, ಕಿಟಕಿಗಳನ್ನು ಕಟ್ಟಿಕೊಡುವ ಎರಡು ದೊಡ್ಡ ತಂಡಗಳು ಗ್ನೋಮ್ ಮತ್ತು ಕೆಡಿಇ, ಇಬ್ಬರಿಗೂ ತಮ್ಮದೇ ಆಟಗಳಿವೆ. ಗ್ನೋಮ್ ಆಟಗಳಲ್ಲಿ ಈಗ ಕ್ವಾಡ್ರಾಪಸೆಲ್ ಎನ್ನಿಸಿಕೊಂಡಿರುವುದು ಮೊದಲು ಗ್ನೋಮೆಟ್ರಿಸ್ ಆಗಿತ್ತು, 2009ರ ಸುಮಾರಿಗೆ ಹೆಸರು ಬದಲಾಯಿತು. ಕೆಡಿಇ ಕಡೆಯವರು ಮೊದಲಿನಿಂದಲೂ ತುಂಟರು. ಅವರ ಹಳೆಯ ಇಟ್ಟಿಗೆ ಆಟದ ಹೆಸರು ಕೆಸಿರ್ಟೆಟ್. ಮುಂದಿನ ಕೆ ತೆಗೆದು ಉಳಿದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಓದಿ, ಟೆಟ್ರಿಸ್ ಸಿಗುತ್ತದೆ. ರಿಸ್ಕ್ ಎಂಬ ಯುದ್ಧದ ಆಟಕ್ಕೂ ಹೆಚ್ಚುಕಡಿಮೆ ಅದೇ ಉಪಾಯ ಮಾಡಿ ಕೆಸಿರ್ಕ್ ಎಂದಿಟ್ಟರು. ಇದು ಜಾಣತನವೇನೋ ಹೌದು, ಆದರೆ ಕಳ್ಳನು ಅಂಗಿ ತಿರುವಿ ಹಾಕಿಕೊಂಡಂತಹ ಜಾಣತನ ಎಂದು ಎದುರಿನ ವಕೀಲರು ಹೇಳದೆ ಬಿಡುತ್ತಾರೆಯೇ? ಮುಂದೆ ಬಂದ ಕೆಬ್ಲಾಕ್ಸ್ ಎಂಬ ಹೆಸರಿನಲ್ಲಿ ತುಂಟತನವಿಲ್ಲ, ತೊಂದರೆಯೂ ಇಲ್ಲ. ಕೆಬ್ಯಾಟಲ್‌ಶಿಪ್ ಎಂಬುದು ನೇವಲ್ ಬ್ಯಾಟಲ್ ಆಯಿತು. ಟಾಲಿ ಮತ್ತು ಕಿರಿಕಿ ಎರಡೂ ಯಾಟ್ಸಿಯ ಬಗೆಯ ದಾಳದ ಆಟಗಳು, ಹೆಸರಿನಲ್ಲಿ ಯಾಟ್ಸಿಯ ಸುಳಿವಿಲ್ಲ. ಕನೆಕ್ಟ್ ಫೋರ್ ಎನ್ನದೆ ಗ್ನೋಮ್‌ನವರು ಸಾಲಿನಲ್ಲಿ ನಾಲ್ಕು ಎಂಬರ್ಥದ ಹೆಸರಿಟ್ಟು ಸುಮ್ಮನಾದರು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೆಸರು ಅದೇ.

ಇಯಾಗ್ನೋ ಮಾತ್ರ ನನಗೆ ಇಷ್ಟ. ಕಪ್ಪುಬಿಳಿ ಬಿಲ್ಲೆಗಳನ್ನು ಮಗುಚುವ ಆ ಆಟ 19ನೆಯ ಶತಮಾನದ ಲಂಡನ್ನಿನಲ್ಲಿ ರಿವರ್ಸಿ ಎಂಬ ಹೆಸರಿನಲ್ಲಿಯೇ ಇತ್ತು. 1970ರ ದಶಕದಲ್ಲಿ ಜಪಾನಿನಲ್ಲಿ ಸ್ವಲ್ಪ ನಿಯಮ ಬದಲಿಸಿ ಒಥೆಲೊ ಎಂಬ ಹೆಸರಿನಿಂದ ಮಾರಿದರು, ಆ ಹೆಸರು ಟ್ರೇಡ್‌ಮಾರ್ಕ್ ಆಯಿತು. ಗ್ನೋಮ್‌ನವರು ಷೇಕ್ಸ್‌ಪಿಯರನ ಅದೇ ಹೆಸರಿನ ನಾಟಕದ ಖಳನಾಯಕ ಇಯಾಗೋನನ್ನು ಕರೆದು ತಂದು, ತಮ್ಮ ಗುರುತಿಗೆ ಒಂದು 'ಎನ್' ಅಕ್ಷರ ಸೇರಿಸಿಬಿಟ್ಟರು.

ಮೇಲಿನ ಹೆಸರುಗಳಲ್ಲಿ ಹೆಚ್ಚಿನವು ಒಂದೇ ಮನೆಯ ಸೊತ್ತು ಎಂಬುದನ್ನು ಗಮನಿಸಬೇಕು. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ 1984ರಲ್ಲಿ ಮಿಲ್ಟನ್ ಬ್ರಾಡ್ಲಿಯನ್ನು, 1991ರಲ್ಲಿ ಪಾರ್ಕರ್ ಬ್ರದರ್ಸ್ ಅನ್ನು ತನ್ನದಾಗಿಸಿಕೊಂಡಿತು. ಮೊನೋಪಲಿ, ರಿಸ್ಕ್, ಬಾಗಲ್, ಯಾಟ್ಸಿ, ಬ್ಯಾಟಲ್‌ಶಿಪ್, ಕನೆಕ್ಟ್ ಫೋರ್ ಎಲ್ಲವೂ ಒಂದೇ ಸೂರಿನಡಿಗೆ ಬಂದವು. ಸ್ಕ್ರ್ಯಾಬಲ್ ಕೂಡ ಅಮೆರಿಕ ಮತ್ತು ಕೆನಡಾದಲ್ಲಿ ಅವರದೇ. ಉಳಿದ ಜಗತ್ತಿನಲ್ಲಿ ಮ್ಯಾಟೆಲ್ ಎಂಬ ಇನ್ನೊಂದು ಆಟಿಕೆ ಕಂಪನಿಯದು.

ಇನ್ನು ಹೆಸರು ಬದಲಿಸದವರೂ ಇದ್ದಾರೆ. ಡೆಬಿಯನ್‌ನಲ್ಲಿ ಬಿಎಸ್‌ಡಿಗೇಮ್ಸ್ ಎಂಬ ಪ್ಯಾಕೇಜು ಹಾಕಿ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಪರದೆ, ತೆರೆದರೆ ಬರ್ಕ್ಲಿಯ ಹಳೆಯ ಯುನಿಕ್ಸ್ ಕಾಲಕ್ಕೆ ಹೋಗಿ ಕುಳಿತಂತೆ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಅದರಲ್ಲಿ ಟೆಟ್ರಿಸ್-ಬಿಎಸ್‌ಡಿ ಎಂದೇ ಒಂದು ಆಟವಿದೆ. ಮೊನೋಪಲಿಯ ರೂಪವೂ ಇದೆ: ಮಾನೋಪ್ ಎಂದು ಟೈಪ್ ಮಾಡಿದರೆ ಎಷ್ಟು ಜನ ಆಡುತ್ತೀರಿ ಎಂದು ಕೇಳುತ್ತದೆ, ಒಬ್ಬೊಬ್ಬರ ಹೆಸರು ಕೇಳುತ್ತದೆ, ಆಮೇಲೆ ನೋಡಿದರೆ ಮೆಡಿಟರೇನಿಯನ್ ಅವೆನ್ಯೂನಿಂದ ಬೋರ್ಡ್‌ವಾಕ್‌ವರೆಗೆ ಅಟ್ಲಾಂಟಿಕ್ ಸಿಟಿಯ ಬೀದಿಗಳೆಲ್ಲ ಹಲಗೆಯ ಮೇಲಿರುವ ಹಾಗೆಯೇ ಸಾಲಾಗಿ ನಿಂತಿವೆ. ಬರೆದವರು ಕೆನ್ ಆರ್ನಾಲ್ಡ್. ಟರ್ಮಿನಲ್ ಪರದೆಯ ಮೇಲೆ ಎಲ್ಲಿ ಬೇಕೆಂದರೆ ಅಲ್ಲಿ ಅಕ್ಷರ ಮೂಡಿಸುವ ಕರ್ಸಸ್ ಎಂಬ ಲೈಬ್ರರಿಯನ್ನು ಬರೆದವರೂ ಅವರೇ. ವಿಶ್ವವಿದ್ಯಾಲಯದ ಒಳಗೆ, ಟೇಪಿನ ಮೇಲೆ ಹಂಚಿಕೆಯಾಗುತ್ತಿದ್ದ ಕಾಲದಲ್ಲಿ ಹೆಸರಿನ ಗೊಡವೆ ಯಾರಿಗೂ ಇರಲಿಲ್ಲ. ಆ ಯುನಿಕ್ಸ್‌ನ ಸಂತತಿಯಾದ ಓಪನ್‌ಬಿಎಸ್‌ಡಿಯಲ್ಲಿ ಟೆಟ್ರಿಸ್ ಇಂದಿಗೂ ಅದೇ ಹೆಸರಿನಲ್ಲಿದೆ. ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶದೊಳಗೂ 1997ರಿಂದ ಅದೇ ಹೆಸರಿನ ಆಟ ಕುಳಿತಿದೆ.

ಮಾಸ್ತರ ಎರಡನೆಯ ವಾದ ಇದೇ ಆಗಿತ್ತು. ಅವರು ಇಟ್ಟುಕೊಂಡಿಲ್ಲವೇ, ಅವರಿಗೆ ಏನಾಯಿತು? ಏನೂ ಆಗಿಲ್ಲ, ನಿಜ. ನಮ್ಮ ಶಾಲೆಗೆ ಅಮೆರಿಕದಿಂದ ನೋಟಿಸ್ ಬರುವುದಿಲ್ಲ ಎಂಬುದೂ ನಿಜ. ಆದರೆ ಇದು ಸಿಕ್ಕಿಬೀಳುವ, ತಪ್ಪಿಸಿಕೊಳ್ಳುವ ಲೆಕ್ಕ ಮಾತ್ರವಲ್ಲ. ಡೆಬಿಯನ್ ಎಂಬುದು ಒಂದು ಕಂಪ್ಯೂಟರಿನಲ್ಲಿ ಇಲ್ಲ. ದೇಶದೇಶಗಳ ವಿಶ್ವವಿದ್ಯಾಲಯಗಳು, ಕಂಪನಿಗಳು ತಮ್ಮ ಸರ್ವರುಗಳಲ್ಲಿ ಅದರ ಪ್ರತಿ ಇಟ್ಟು ಹಂಚುತ್ತವೆ. ಅದರಿಂದ ಹುಟ್ಟಿದ ವ್ಯವಸ್ಥೆಗಳನ್ನು ಯಂತ್ರಕ್ಕೆ ಹಾಕಿ ಮಾರುವವರಿದ್ದಾರೆ. ಒಂದು ಪ್ಯಾಕೇಜಿನ ಹೆಸರಿಗಾಗಿ ಇವರೆಲ್ಲರ ಬಾಗಿಲಿಗೂ ಪತ್ರ ಹೋಗಬಹುದು. ಆಟ ಬರೆದವನು ಸಂಜೆ ಕೆಲಸ ಮುಗಿಸಿ ಬಂದು ಪುಕ್ಕಟೆ ದುಡಿಯುವ ಮನುಷ್ಯ. ನ್ಯಾಯ ಅವನ ಕಡೆಗಿದ್ದರೂ ಅದನ್ನು ಸಾಬೀತುಪಡಿಸಲು ಬೇಕಾದ ಹಣ ಅವನ ಬಳಿ ಇಲ್ಲ. ಪತ್ರ ಬಂದ ಮೇಲೆ ಅವನು ಹೆಸರು ಬದಲಿಸುವುದಿಲ್ಲ, ಆಟವನ್ನೇ ಅಳಿಸಿ ಕೈತೊಳೆದುಕೊಳ್ಳುತ್ತಾನೆ. 2010ರ ಮೇ ತಿಂಗಳಿನಲ್ಲಿ ಟೆಟ್ರಿಸ್ ಕಂಪನಿಯ ದೂರಿನ ಮೇಲೆ ಗೂಗಲ್ ತನ್ನ ಆಂಡ್ರಾಯ್ಡ್ ಮಾರುಕಟ್ಟೆಯಿಂದ ಇಂಥ ಹಲವಾರು ಆಟಗಳನ್ನು ಒಮ್ಮೆಗೇ ಕಿತ್ತುಹಾಕಿತು. ಆದ್ದರಿಂದ ಪತ್ರ ಬರುವ ಮುಂಚೆಯೇ ಹೆಸರು ಬದಲಿಸಿದವರನ್ನು ಪುಕ್ಕಲರು ಎಂದು ನಾನು ಕರೆಯುವುದಿಲ್ಲ. ಅವರಿಂದಾಗಿಯೇ ಆಟ ಉಳಿದಿದೆ.

ಹಾಗಾದರೆ ಹೆಸರು ಬದಲಿಸಿದರೆ ಸಾಕೇ? ಇದನ್ನು ಹುಬ್ಬಳ್ಳಿಯಲ್ಲಿ ವಕೀಲರಾಗಿರುವ ನಮ್ಮ ಭಾವನನ್ನು ಕೇಳಿದೆ. ಅವರ ಕೈಗೆ ಬರುವುದೆಲ್ಲ ಜಮೀನಿನ ವ್ಯಾಜ್ಯ, ಪಾಲುಪಟ್ಟಿ. "ಬೇಲಿಯ ಜಗಳವೇ ಇದೂ. ಯಾವ ನ್ಯಾಯಾಲಯ ಬೇಲಿಯನ್ನು ಎಲ್ಲಿ ಹಾಕುತ್ತದೆ ನೋಡಿಕೋ, ಆಮೇಲೆ ಮಾತಾಡು" ಎಂದರು. ನೋಡಿದೆ. ಎರಡು ನ್ಯಾಯಾಲಯಗಳು ಬೇಲಿಯನ್ನು ಎರಡು ಕಡೆ ಹಾಕಿವೆ.

ಮೊದಲನೆಯದು ನಮ್ಮದೇ ದೇಶದ್ದು. ಕೋಲ್ಕತ್ತದ ಅಗರ್ವಾಲಾ ಸಹೋದರರು, ರಜತ್ ಮತ್ತು ಜಯಂತ್, ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಬಗೆಯ ಸ್ಕ್ರ್ಯಾಬುಲಸ್ ಎಂಬ ಆಟ ಮಾಡಿದ್ದರು. 2007-08ರಲ್ಲಿ ಫೇಸ್‌ಬುಕ್ ಮೇಲೆ ಅದನ್ನು ದಿನವೂ ಲಕ್ಷಾಂತರ ಮಂದಿ ಆಡುತ್ತಿದ್ದರು. 2008ರ ಜುಲೈನಲ್ಲಿ ಹ್ಯಾಸ್‌ಬ್ರೋ ಅಮೆರಿಕದಲ್ಲಿ ದಾವೆ ಹೂಡಿತು, ವಾರದೊಳಗೆ ಅಲ್ಲಿಯೂ ಕೆನಡಾದಲ್ಲಿಯೂ ಆಟ ನಿಂತಿತು. ಇತ್ತ ಮ್ಯಾಟೆಲ್ ದೆಹಲಿ ಹೈಕೋರ್ಟಿಗೆ ಹೋಗಿತ್ತು. 2008ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರು ಕೊಟ್ಟ ಆದೇಶ ಓದಲು ರುಚಿಯಾಗಿದೆ. ಸ್ಕ್ರ್ಯಾಬಲ್ ಎಂಬುದು ನಿಘಂಟಿನಲ್ಲಿರುವ ಸಾಮಾನ್ಯ ಇಂಗ್ಲಿಷ್ ಪದ, ಅದಕ್ಕೆ ಒಡೆಯರಿಲ್ಲ ಎಂದು ಸಹೋದರರು ವಾದಿಸಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ಆ ಹೆಸರನ್ನೂ ಅದಕ್ಕೆ ಹೋಲುವ ಹೆಸರನ್ನೂ ಬಳಸಕೂಡದು ಎಂದು ತಡೆಯಾಜ್ಞೆ ಕೊಟ್ಟಿತು. ಆದರೆ ಹಲಗೆಯ ಮೇಲೆ ಮ್ಯಾಟೆಲ್ ಕೇಳಿದ್ದ ಕೃತಿಸ್ವಾಮ್ಯವನ್ನು ಕೊಡಲಿಲ್ಲ. ಎರಡರಷ್ಟು, ಮೂರರಷ್ಟು ಅಂಕ ಕೊಡುವ ಬಣ್ಣದ ಮನೆಗಳು ಎಲ್ಲೆಲ್ಲಿ ಇರಬೇಕು ಎಂಬುದು ಆಟದ ನಿಯಮದಿಂದಲೇ ಹುಟ್ಟುತ್ತದೆ. ನಿಯಮಕ್ಕೆ ಕೃತಿಸ್ವಾಮ್ಯವಿಲ್ಲ. ನಿಯಮವನ್ನು ತೋರಿಸಲು ಇರುವುದೇ ಒಂದೆರಡು ದಾರಿ ಎಂದಾದಾಗ ಆ ದಾರಿಗೂ ಬೇಲಿ ಹಾಕಲಾಗದು. ಹೆಸರು ನಿಮ್ಮದು, ಹಲಗೆ ಎಲ್ಲರದು. ಸಹೋದರರು ಹೆಸರನ್ನು ಲೆಕ್ಸುಲಸ್ ಎಂದು ಬದಲಿಸಿ, ಒಬ್ಬೊಬ್ಬ ಆಟಗಾರನ ಕೈಯಲ್ಲಿರುವ ಬಿಲ್ಲೆಗಳ ಸಂಖ್ಯೆಯನ್ನು ಏಳರಿಂದ ಎಂಟಕ್ಕೆ ಏರಿಸಿ ಆಟ ಮುಂದುವರಿಸಿದರು.

ಎರಡನೆಯದು ಅಮೆರಿಕದ ನ್ಯೂಜೆರ್ಸಿಯದು. ಕ್ಸಿಯೋ ಎಂಬ ಸಣ್ಣ ಕಂಪನಿ ಐಫೋನಿಗಾಗಿ ಮಿನೋ ಎಂಬ ಆಟ ಮಾಡಿತು. ಹೆಸರಿನಲ್ಲಿ ಟೆಟ್ರಿಸ್ ಇಲ್ಲ. ಕೋಡ್ ಕದ್ದದ್ದಲ್ಲ. ನಿಯಮಕ್ಕೆ ಕೃತಿಸ್ವಾಮ್ಯವಿಲ್ಲ ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಟೆಟ್ರಿಸ್ ನೋಡಿಯೇ ಮಾಡಿದ್ದು ಎಂದು ಒಪ್ಪಿಕೊಂಡೇ ಬಂದಿದ್ದರು. ಟೆಟ್ರಿಸ್‌ನವರು ಹೂಡಿದ ದಾವೆಯಲ್ಲಿ 2012ರ ಮೇ ತಿಂಗಳಿನಲ್ಲಿ ನ್ಯಾಯಾಧೀಶೆ ಫ್ರೀಡಾ ವೋಲ್ಫ್‌ಸನ್ ತೀರ್ಪು ಕೊಟ್ಟರು. ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವುದು ಎಂಬ ಕಲ್ಪನೆ ಯಾರದೂ ಅಲ್ಲ. ಆದರೆ ಹತ್ತು ಮನೆ ಅಗಲ ಇಪ್ಪತ್ತು ಮನೆ ಎತ್ತರದ ಅಂಗಳ, ತುಂಡುಗಳ ರೂಪ ಮತ್ತು ಹೊಳೆಯುವ ಬಣ್ಣ, ತುಂಡು ಎಲ್ಲಿ ಬೀಳುತ್ತದೆ ಎಂದು ತೋರಿಸುವ ನೆರಳು, ಆಟ ಸೋತಾಗ ಪರದೆ ತುಂಬಿಕೊಳ್ಳುವ ಚೌಕಗಳು, ಇವು ಟೆಟ್ರಿಸ್‌ನ ಅಭಿವ್ಯಕ್ತಿ, ಅದಕ್ಕೆ ಕೃತಿಸ್ವಾಮ್ಯವಿದೆ. ಮಿನೋ ಸೋತಿತು.

ದೆಹಲಿಯ ಬೇಲಿ ಹೆಸರಿನ ಸುತ್ತ. ನ್ಯೂಜೆರ್ಸಿಯ ಬೇಲಿ ಹೆಸರನ್ನು ದಾಟಿ ರೂಪದ ಸುತ್ತ. ಹಲಗೆಯ ಆಟಕ್ಕೂ ಪರದೆಯ ಆಟಕ್ಕೂ ವ್ಯತ್ಯಾಸವಿದೆ, ಎರಡು ತೀರ್ಪುಗಳನ್ನು ನೇರವಾಗಿ ತೂಗಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ನನಗೆ ಸರಿ ಕಾಣುವುದು ದೆಹಲಿಯದೇ. ಹೆಸರಿಗೆ ಬೇಲಿ ಹಾಕಿದರೆ ಎದುರಿನವನಿಗೆ ಹೊಸ ಹೆಸರು ಹುಡುಕುವ ಶ್ರಮವಷ್ಟೇ. ಅಂಗಳದ ಅಳತೆಗೇ ಬೇಲಿ ಹಾಕುತ್ತಾ ಹೋದರೆ ಹತ್ತನೆಯ ತರಗತಿಯ ಹುಡುಗ ಪೈಥಾನ್ ಕಲಿಯಲು ಮೊದಲು ಬರೆಯುವ ಆಟವೇ ತಪ್ಪಿನ ಸಾಲಿಗೆ ಸೇರುತ್ತದೆ. ಪ್ರಪಂಚದ ತುಂಬ ಕಲಿಯುವವರು ಬರೆಯುವ ಆಟ ಇದೇ.

ಹೆಸರಿನ ಬೇಲಿಗೂ ಒಂದು ಮಿತಿ ಇರಬೇಕು ಎಂಬುದಕ್ಕೆ ಮೊನೋಪಲಿಯ ಕತೆ ಹೇಳಬೇಕು, ಸ್ವಲ್ಪ ದಾರಿ ತಪ್ಪಿದರೂ ಸರಿ. ಸ್ಯಾನ್ ಫ್ರಾನ್ಸಿಸ್ಕೋದ ಅರ್ಥಶಾಸ್ತ್ರದ ಪ್ರಾಧ್ಯಾಪಕ ರಾಲ್ಫ್ ಆನ್ಸ್‌ಪಾಕ್ 1973ರಲ್ಲಿ ಆ್ಯಂಟಿ-ಮೊನೋಪಲಿ ಎಂಬ ಆಟ ಹೊರತಂದರು. ಪಾರ್ಕರ್ ಬ್ರದರ್ಸ್‌ನವರು ಬಿಡಲಿಲ್ಲ. 1977ರಲ್ಲಿ ಮಿನೆಸೋಟಾದ ಮಂಕೇಟೊ ಎಂಬಲ್ಲಿ ಆ ಆಟದ ಸುಮಾರು 40,000 ಪೆಟ್ಟಿಗೆಗಳನ್ನು ಕಸದ ಗುಂಡಿಯಲ್ಲಿ ಹೂಳಿಸಿದರು. ಪ್ರಾಧ್ಯಾಪಕರು ಹಳೆಯ ದಾಖಲೆ ಕೆದಕುತ್ತಾ ಹೋದಾಗ ಸಿಕ್ಕಿದ್ದು ಲಿಜ್ಜಿ ಮೇಗಿ ಎಂಬ ಹೆಂಗಸು 1904ರಲ್ಲಿ ಪೇಟೆಂಟ್ ಪಡೆದಿದ್ದ ಭೂಮಾಲೀಕರ ಆಟ. ಮೊನೋಪಲಿ ಹುಟ್ಟಿದ್ದು ಅದರಿಂದ. ಪಾರ್ಕರ್ ಬ್ರದರ್ಸ್ 1935ರಲ್ಲಿ ಬೇರೊಬ್ಬನಿಂದ ಕೊಳ್ಳುವ ಮುಂಚೆಯೇ ಜನ ಅದನ್ನು ಮನೆಯಲ್ಲಿ ಹಲಗೆ ಬರೆದುಕೊಂಡು ಆಡುತ್ತಿದ್ದರು. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಮೊನೋಪಲಿ ಎಂಬುದು ಆಟದ ಸಾಮಾನ್ಯ ಹೆಸರಾಗಿಬಿಟ್ಟಿದೆ, ಟ್ರೇಡ್‌ಮಾರ್ಕ್ ಆಗಿ ಉಳಿದಿಲ್ಲ ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಮುಟ್ಟಲಿಲ್ಲ. ಗೆದ್ದರಲ್ಲ ಎನ್ನುವಷ್ಟರಲ್ಲಿ, 1984ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ತಿದ್ದಿ ಆ ತೀರ್ಪಿನ ತರ್ಕ ಮುಂದೆ ಬಳಕೆಗೆ ಬಾರದಂತೆ ಮಾಡಿತು. ದೊಡ್ಡವರ ಹೆಸರು ಬಿದ್ದರೂ ಕಾನೂನು ಬಂದು ಕೈಹಿಡಿದು ಎಬ್ಬಿಸುತ್ತದೆ.

ನಮ್ಮ ಮನೆಗಳಲ್ಲಿ ಬೇಸಿಗೆ ರಜೆಯಲ್ಲಿ ಆಡುತ್ತಿದ್ದದ್ದು ಬಿಸಿನೆಸ್. ಬೋರ್ಡ್‌ವಾಕ್ ಬದಲು ಮುಂಬಯಿ, ದೆಹಲಿ, ಕಲ್ಕತ್ತ. ಬೇರೆಬೇರೆ ತಯಾರಕರು ಮಾಡುತ್ತಿದ್ದರು, ನೋಟುಗಳ ಬಣ್ಣ ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ತರಹ. ಆಗ ಮೊನೋಪಲಿ ಎಂಬ ಹೆಸರು ಕೇಳಿದವರು ನಮ್ಮ ಕೇರಿಯಲ್ಲಿ ಯಾರೂ ಇರಲಿಲ್ಲ, ಆಟಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಮುಕ್ತ ತಂತ್ರಾಂಶದ ನಾವು ಇದರಲ್ಲಿ ಶುದ್ಧ ಸಂತ್ರಸ್ತರು ಎಂಬ ಮುಖಭಾವ ಹಾಕಿಕೊಳ್ಳುವ ಹಾಗಿಲ್ಲ. ನಮ್ಮವರೂ ತಮ್ಮ ಹೆಸರನ್ನು ಕಾಯುತ್ತಾರೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಒಬ್ಬ ವ್ಯಕ್ತಿ ಲಿನಕ್ಸ್ ಎಂಬ ಹೆಸರನ್ನೇ ತನ್ನದೆಂದು ನೋಂದಾಯಿಸಿಕೊಂಡು ಲಿನಕ್ಸ್ ಕಂಪನಿಗಳಿಂದ ಪಾಲು ಕೇಳಲು ಹೊರಟಿದ್ದ. ಹೋರಾಡಿ 1997ರಲ್ಲಿ ಅದನ್ನು ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಹೆಸರಿಗೆ ಮಾಡಿಸಬೇಕಾಯಿತು. ಅಂದಿನಿಂದ ಲಿನಕ್ಸ್ ಕೂಡ ಟ್ರೇಡ್‌ಮಾರ್ಕೇ. ಫೈರ್‌ಫಾಕ್ಸ್ ಬ್ರೌಸರನ್ನು ತಿದ್ದಿ ಅದೇ ಹೆಸರಿನಲ್ಲಿ ಹಂಚಬಾರದು ಎಂದು ಅದನ್ನು ಮಾಡುವ ಮೊಜಿಲ್ಲಾ ಪಟ್ಟು ಹಿಡಿದಾಗ ಡೆಬಿಯನ್ 2006ರಿಂದ ಹತ್ತು ವರ್ಷ ಅದನ್ನು ಐಸ್‌ವೀಸಲ್ ಎಂದು ಕರೆಯಿತು. ಡೆಬಿಯನ್‌ನಿಂದ ಹುಟ್ಟಿದ ಉಬುಂಟುವನ್ನು ಬದಲಿಸಿ ಹಂಚುವವರು ಅನುಮತಿ ಪಡೆಯಬೇಕು, ಇಲ್ಲವೇ ಉಬುಂಟು ಎಂಬ ಗುರುತುಗಳನ್ನೆಲ್ಲ ತೆಗೆಯಬೇಕು ಎಂಬುದು ಅದರ ಕಂಪನಿಯ ನೀತಿ. ಇದರಲ್ಲಿ ತಪ್ಪೇನಿದೆ? ನಾಳೆ ಯಾರೋ ಮಾಲ್‌ವೇರ್ ತುಂಬಿದ ಪೆನ್‌ಡ್ರೈವಿಗೆ ಡೆಬಿಯನ್ ಎಂದು ಹೆಸರಿಟ್ಟು ಮಾರಿದರೆ ಕೇಳುವುದಕ್ಕೆ ಒಂದು ಕಾನೂನು ಬೇಡವೇ? ನಮ್ಮ ಹೆಸರಿಗೆ ಬೇಕಾದ ಕಾನೂನು ಪಜಿತ್ನೋವ್ ಅವರ ಹೆಸರಿಗೂ ಸಲ್ಲುತ್ತದೆ.

ಟ್ರೇಡ್‌ಮಾರ್ಕ್ ಊರಿಂದೂರಿಗೆ ಬದಲಾಗುತ್ತದೆ ಎಂಬುದನ್ನೂ ಹೇಳಬೇಕು. ಸುಡೊಕು ಎಂಬ ಹೆಸರನ್ನು ನಮ್ಮ ಪತ್ರಿಕೆಗಳು ನಿತ್ಯ ಅಚ್ಚು ಹಾಕುತ್ತವೆ, ಗ್ನೋಮ್ ಮತ್ತು ಕೆಡಿಇ ಎರಡರಲ್ಲಿಯೂ ಆ ಹೆಸರಿನ ಆಟವಿದೆ. ಆದರೆ ಜಪಾನಿನಲ್ಲಿ ಅದು ನಿಕೋಲಿ ಎಂಬ ಪ್ರಕಾಶನದ ಟ್ರೇಡ್‌ಮಾರ್ಕ್. ಅಲ್ಲಿನ ಬೇರೆ ಪ್ರಕಾಶಕರು ನಂಬರ್ ಪ್ಲೇಸ್ ಎನ್ನುತ್ತಾರೆ. ಅಲ್ಲದೆ ಕೃತಿಸ್ವಾಮ್ಯಕ್ಕೆ ಒಂದು ಕೊನೆ ಇದೆ, ಟ್ರೇಡ್‌ಮಾರ್ಕಿಗೆ ಇಲ್ಲ. ನಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಹೆಸರು ನಿಮ್ಮದೇ.

ಈಗ ಪೆನ್‌ಡ್ರೈವಿನ ವಿಷಯಕ್ಕೆ ಬರುತ್ತೇನೆ. ಡೆಬಿಯನ್ ಕೊಟ್ಟ ಪ್ಯಾಕೇಜುಗಳ ಹೆಸರನ್ನು ನಾನು ಮುಟ್ಟಿಲ್ಲ. ಬಿಎಸ್‌ಡಿಗೇಮ್ಸ್ ಹಾಗೆಯೇ ಇದೆ. ಟೈಪಿಂಗ್ ಕಲಿಯುವ ಮಕ್ಕಳಿಗೆ ಟರ್ಮಿನಲ್ ಅಭ್ಯಾಸವಾಗಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮೆನುವಿನಲ್ಲಿ ಕಾಣುವ ಪ್ರತಿ ಆಟಕ್ಕೂ ಒಂದು ಡೆಸ್ಕ್‌ಟಾಪ್ ಕಡತ ಇರುತ್ತದೆ, ಸಾಮಾನ್ಯ ಪಠ್ಯದ ಕಡತ. ಅದರಲ್ಲಿ ಹೆಸರಿಗೆ ಒಂದು ಸಾಲು, ಟಿಪ್ಪಣಿಗೆ ಒಂದು ಸಾಲು, ಒಂದೊಂದಕ್ಕೂ ಭಾಷಾವಾರು ರೂಪ. ನಾನು ತುಂಬಿದ್ದು ಕನ್ನಡದ ಟಿಪ್ಪಣಿಯ ಸಾಲುಗಳನ್ನು. ಕ್ವಾಡ್ರಾಪಸೆಲ್ ಮೇಲೆ ಮೌಸ್ ಒಯ್ದರೆ 'ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿ' ಎಂದು ಬರುತ್ತದೆ. ಮಕ್ಕಳಿಗೆ ಬೇಕಾದದ್ದು ಅಷ್ಟೇ. ಪಾಠದ ನಡುವೆ 'ಇದು ಟೆಟ್ರಿಸ್ ಬಗೆಯ ಆಟ' ಎಂದು ಹೇಳುತ್ತೇನೆ, ಈ ಬರಹದಲ್ಲಿಯೂ ಹೇಳಿದ್ದೇನೆ. ಒಂದು ವಸ್ತು ಯಾವ ಬಗೆಯದು ಎಂದು ತಿಳಿಸಲು ಇನ್ನೊಂದರ ಹೆಸರು ಎತ್ತುವುದು ಬೇರೆ, ಆ ಹೆಸರನ್ನು ಪೊಟ್ಟಣಕ್ಕೆ ಅಂಟಿಸಿ ದುಡ್ಡು ತೆಗೆದುಕೊಳ್ಳುವುದು ಬೇರೆ. ಮಾಸ್ತರ ಚೀಟಿ ಎರಡನೆಯದು. ಖರ್ಚಿನ ಬೆಲೆ ಎಂದರೂ ಅದು ಮಾರಾಟವೇ. ಅದಕ್ಕಿಂತ ಮುಖ್ಯವಾಗಿ, ಆ ಚೀಟಿ ನೋಡಿ ಕೊಂಡ ಪೋಷಕನು ಮನೆಗೆ ಹೋಗಿ ಅಸಲಿ ಸ್ಕ್ರ್ಯಾಬಲ್ ಎಲ್ಲಿ ಎಂದು ಹುಡುಕುತ್ತಾನೆ. ಟ್ರೇಡ್‌ಮಾರ್ಕ್ ಕಾನೂನು ಹುಟ್ಟಿದ್ದೇ ಈ ಬಗೆಯ ಗೊಂದಲ ತಪ್ಪಿಸಲು.

ಕೊನೆಗೆ ಮೇಳದಲ್ಲಿ ಪೆನ್‌ಡ್ರೈವ್ ಮಾರಲಿಲ್ಲ, ಬಂದವರ ಪೆನ್‌ಡ್ರೈವಿಗೆ ಪ್ರತಿ ಮಾಡಿ ಕೊಟ್ಟೆವು. ಮಾಸ್ತರೇ ಅತ್ತ ಇತ್ತ ಓಡಾಡಿ ಎಲ್ಲರಿಗೂ ತೋರಿಸಿದರು. ಅವರ ಶಾಲೆಯ ಒಬ್ಬ ವಿದ್ಯಾರ್ಥಿನಿ ಪೈಥಾನಿನಲ್ಲಿ ಆಟ ಬರೆಯಲು ಬಳಸುವ ಪೈಗೇಮ್‌ನಲ್ಲಿ ಆಡು ಹುಲಿ ಬರೆದಿದ್ದಳು. ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೆತ್ತಿರುವ ಅದೇ ತ್ರಿಕೋನದ ಅಂಕ, ಮೂರು ಹುಲಿ, ಹದಿನೈದು ಆಡು. ಜನ ಮುತ್ತಿಕೊಂಡದ್ದು ಅದಕ್ಕೇ. ವಯಸ್ಸಾದವರು ನಿಯಮದ ಬಗ್ಗೆ ತಕರಾರು ತೆಗೆದರು, ತಮ್ಮ ಊರಿನಲ್ಲಿ ಹುಲಿಯನ್ನು ಹೀಗೆ ಕಟ್ಟುವುದಿಲ್ಲ ಎಂದರು.

ಸಂಜೆ ಮಾಸ್ತರು ಹೊಸ ಯೋಚನೆಯೊಂದಿಗೆ ಬಂದರು. "ಮೇಡಂ, ಯಾರೋ ಹೊರಗಿನವರು ನೋಂದಾಯಿಸುವ ಮುಂಚೆ ಆಡು ಹುಲಿ ಎಂಬ ಹೆಸರನ್ನು ನಮ್ಮ ಶಾಲೆಯ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಬಿಡೋಣವೇ?"

1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಒಂಬತ್ತನೆಯ ಸೆಕ್ಷನ್ ತೆಗೆದು ತೋರಿಸಿದೆ. ಬಳಕೆಯ ಮಾತಿನಲ್ಲಿ ಮೊದಲೇ ರೂಢಿಯಾಗಿರುವ ಹೆಸರನ್ನು, ಸರಕು ಏನೆಂಬುದನ್ನಷ್ಟೇ ಹೇಳುವ ಹೆಸರನ್ನು ನೋಂದಾಯಿಸುವಂತಿಲ್ಲ. ನಮಗೂ ಆಗದು, ಹೊರಗಿನವರಿಗೂ ಆಗದು. ಅವರು ಎರಡು ಸಲ ಓದಿದರು. ಹಾಗಾದರೆ ಮುಂದಿನ ಪೆನ್‌ಡ್ರೈವಿನ ಚೀಟಿಯ ಮೇಲೆ ಈ ಹೆಸರನ್ನು ದೊಡ್ಡದಾಗಿ ಹಾಕಬಹುದಲ್ಲ ಎಂದರು. ಹಾಕಬಹುದು. ಅದಕ್ಕೆ ಮುಂಚೆ ಆ ಹುಡುಗಿ ಒಂದು ದೋಷ ಸರಿಪಡಿಸಬೇಕಿದೆ: ತ್ರಿಕೋನದ ತುದಿಯಲ್ಲಿ ನಿಂತ ಹುಲಿ ಎರಡು ಆಡುಗಳ ಮೇಲೆ ಒಮ್ಮೆಗೇ ಹಾರುತ್ತಿದೆ.